ಮೆರವಣಿಗೆಯ ಮರುದಿನ

ಗದಗ ಜಂಕ್ಷನ್ನಿನಲ್ಲಿ ರೈಲು ನಿಲ್ಲುವ ಹೊತ್ತಿಗೇ ಹೊರಗೆ ಹಲಗಿ ಸದ್ದು ಶುರುವಾಯಿತೆಂದರೆ, ಯಾವುದೋ ಊರಿನ ಫೌಜಿ ಸೇವೆ ಮುಗಿಸಿ ಬಂದರೆಂದು ತಿಳಿಯಬೇಕು. ಈಚಿನ ವರ್ಷಗಳಲ್ಲಿ ಬೆಳೆದು ಬಂದ ಪದ್ಧತಿ ಇದು. ತೆರೆದ ಜೀಪು ಇಲ್ಲವೇ ಸಿಂಗರಿಸಿದ ಟ್ರ್ಯಾಕ್ಟರು, ಊರ ಅಗಸಿಗೆ ಆಳೆತ್ತರದ ಫ್ಲೆಕ್ಸು, ಫ್ಲೆಕ್ಸಿನ ಕೆಳಗೆ ಶುಭ ಕೋರುವವರ ಇಪ್ಪತ್ತು ಮುಖ. ಸಾಲಿ ಹುಡುಗರ ಕೈಯಲ್ಲಿ ಬಾವುಟ, ಹೆಣ್ಣುಮಕ್ಕಳ ಕೈಯಲ್ಲಿ ಆರತಿ. ಮಠದಲ್ಲೋ ಸಮುದಾಯ ಭವನದಲ್ಲೋ ಶಾಲು, ಹಾರ, ಪೇಟ. ಎಲ್ಲರೂ ಮಾತಾಡಿದ ಮೇಲೆ ಕೊನೆಗೆ ಸತ್ಕಾರದ ಮನುಷ್ಯನಿಗೆ ಮೈಕು ಸಿಗುತ್ತದೆ. ಅವರು ಎರಡು ನಿಮಿಷ ಮಾತಾಡುತ್ತಾರೆ. ಅದರಲ್ಲಿ ಅರ್ಧ ಹಿಂದಿ ಬೆರೆತಿರುತ್ತದೆ, ಉಳಿದರ್ಧ ನಮಸ್ಕಾರ.

ಮರುದಿನ ಫ್ಲೆಕ್ಸು ಅಗಸಿಯಲ್ಲಿ ಹಾಗೇ ಇರುತ್ತದೆ. ಅದರೊಳಗಿನ ಮನುಷ್ಯ ಮಾತ್ರ ನಸುಕಿನ ನಾಲ್ಕೂವರೆಗೇ ಎದ್ದು, ದಾಡಿ ಮಾಡಿಕೊಂಡು, ಬೂಟು ತಿಕ್ಕಿಟ್ಟು, ಮುಂದೇನು ಮಾಡಬೇಕೆಂದು ತಿಳಿಯದೆ ಕಟ್ಟೆಯ ಮೇಲೆ ಕೂತಿರುತ್ತಾರೆ. ವಯಸ್ಸು ಮೂವತ್ತೆಂಟೋ ನಲವತ್ತೋ. ಸೈನ್ಯದಲ್ಲಿ ಸಿಪಾಯಿಗೆ ಪಿಂಚಣಿ ಸಿಗಲು ಕನಿಷ್ಠ 15 ವರ್ಷದ ಸೇವೆ ಬೇಕು. ಹದಿನೆಂಟು, ಇಪ್ಪತ್ತಕ್ಕೆ ಭರ್ತಿಯಾದವರು ಬಹುತೇಕ ನಲವತ್ತರ ಆಸುಪಾಸಿನಲ್ಲೇ ಹೊರಬೀಳುತ್ತಾರೆ. ಅದೇ ಓಣಿಯ ಸಾಲಿ ಮಾಸ್ತರರು ಅರವತ್ತಕ್ಕೆ ನಿವೃತ್ತರಾಗಿ ಕಟ್ಟೆಗೆ ಬರುವುದು. ಇವರಿಗೆ ಇಪ್ಪತ್ತು ವರ್ಷ ಮೊದಲೇ ಅಲ್ಲಿ ಜಾಗ.

ಮನೆಯೊಳಗೆ ಹೋದರೆ ಅಲ್ಲಿಯೂ ಕಮಾಂಡು ಬೇರೆಯವರ ಕೈಯಲ್ಲಿರುತ್ತದೆ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಒಂದು ದಿನವೂ ತಪ್ಪದೆ ಸಿಕ್ಕಿತೆಂದು ಹಿಡಿದರೂ 17 ವರ್ಷದ ನೌಕರಿಯಲ್ಲಿ ಮನೆಯಲ್ಲಿದ್ದದ್ದು ನಾಲ್ಕು ವರ್ಷದ ಮೇಲೆ ಒಂದೆರಡು ತಿಂಗಳು. ಉಳಿದ ಕಾಲವೆಲ್ಲ ಹೊಲದ ಲಾವಣಿ ಮಾತಾಡಿದವರು, ಅತ್ತೆಯನ್ನು ದವಾಖಾನೆಗೆ ಒಯ್ದವರು, ಮಗಳ ಸಾಲಿಗೆ ಫೀ ಕಟ್ಟಿದವರು, ಸೊಸೈಟಿಯಲ್ಲಿ ಬೀಜ ಗೊಬ್ಬರಕ್ಕೆ ಪಾಳಿ ಹಚ್ಚಿದವರು ಮನೆಯಾಕೆ. ಬಂದ ಹೊಸದರಲ್ಲಿ ಸಾಹೇಬರಿಗೆ ಎಲ್ಲವೂ ವಕ್ರವಾಗಿ ಕಾಣುತ್ತದೆ. ಪಡಸಾಲಿಯ ಹಾಸಿಗೆ ಮಡಿಕೆ ಸರಿಯಿಲ್ಲ, ಚಪ್ಪಲಿ ಸಾಲಾಗಿಲ್ಲ, ಜೋಳದ ಚೀಲ ಅಲ್ಲಿರಬಾರದು ಇಲ್ಲಿರಬೇಕು. ‘ಅದನ್ನ ಅಲ್ಲೇ ಬಿಡ್ರಿ, ನೀವು ಬರೂಕಿಂತ ಮೊದ್ಲಿಂದ ಅಲ್ಲೇ ಐತಿ’ ಎಂಬ ಒಂದೇ ಮಾತಿನಲ್ಲಿ ತಪಾಸಣೆ ಮುಗಿಯುತ್ತದೆ. ಮಕ್ಕಳದು ಮತ್ತೊಂದು ಕಥೆ. ರಜೆಗೆ ಬಂದಾಗಲೆಲ್ಲ ಡ್ರೈಫ್ರೂಟ್ಸು ತಂದು ಮುದ್ದು ಮಾಡುತ್ತಿದ್ದ ಅಪ್ಪ ಈಗ ದಿನಾ ಇರುತ್ತಾನೆ, ದಿನಾ ಐದಕ್ಕೆ ಎಬ್ಬಿಸುತ್ತಾನೆ. ‘ಅಪ್ಪಾ, ಮತ್ತ ಯಾವಾಗ ಹೋಗ್ತಿ?’ ಎಂದು ಕೇಳಿ ಬೈಸಿಕೊಂಡ ಮಕ್ಕಳು ಹಲವಾರು ಮನೆಯಲ್ಲಿ ಸಿಗುತ್ತಾರೆ.

ಹೊಲದ ಮಾತು ಇನ್ನೂ ನಾಜೂಕು. ಅಣ್ಣನೋ ತಮ್ಮನೋ ಇಷ್ಟು ವರ್ಷ ಉತ್ತಿ ಬಿತ್ತಿದ ಎರಿ ಭೂಮಿ. ಉತಾರದಲ್ಲಿ ಮಾತ್ರ ಎಲ್ಲರ ಹೆಸರು. ಮಿಲ್ಟ್ರಿಯಿಂದ ರೊಕ್ಕ ಕಳಿಸಿದವರು ತಾವು ಕೊಂಡದ್ದು ಎನ್ನುತ್ತಾರೆ, ಮೈಮುರಿದು ದುಡಿದವರು ತಾವು ಉಳಿಸಿದ್ದು ಎನ್ನುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ. ವಾಟ್ನಿ ಮುಗಿಯುವವರೆಗೆ ಮನೆಯಲ್ಲಿ ಚಾ ಕುದಿಯುವ ಸದ್ದೂ ಕೇಳುತ್ತದೆ.

ಸತ್ತ ವೀರನನ್ನು ಏನು ಮಾಡಬೇಕೆಂಬುದು ಈ ಸೀಮೆಗೆ ಸಾವಿರ ವರ್ಷದಿಂದ ಗೊತ್ತು. ಬೆಟಗೇರಿಯ ವೀರಗಲ್ಲುಗಳನ್ನೇ ನೋಡಬಹುದು. ವೀರಗಲ್ಲಿನ ಸಾಮಾನ್ಯ ಕ್ರಮವೆಂದರೆ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುವುದು, ಮೇಲಿನದರಲ್ಲಿ ಅವನು ಶಿವಲಿಂಗದ ಎದುರು ಕೂತಿರುವುದು. ಮುಂಡರಗಿ ಎಂದರೆ 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರೊಡನೆ ಹೋರಾಡಿ ಮಡಿದ ಭೀಮರಾಯನ ಹೆಸರು ತಾನಾಗಿ ನಾಲಿಗೆಗೆ ಬರುತ್ತದೆ. ಕಾಳಗ ಮುಗಿಸಿ ಮನೆಗೆ ನಡೆದುಬಂದು, ಮದುವೆ ಮುಂಜಿವೆಗಳಲ್ಲಿ ಓಡಾಡಿ, ಮಂಡಿನೋವಿನಿಂದ ಮುಪ್ಪು ಕಳೆದವನ ಕಲ್ಲನ್ನು ಮಾತ್ರ ಯಾವ ಶಿಲ್ಪಿಯೂ ಕೆತ್ತಲಿಲ್ಲ. ಕೆತ್ತಲು ಅಲ್ಲಿ ಘಟನೆಯಾದರೂ ಏನಿದೆ? ಲಕ್ಷ್ಮೇಶ್ವರ, ಅಂದರೆ ಹಳೆಯ ಪುಲಿಗೆರೆ, ಪಂಪನ ನುಡಿಯ ಊರು. ಆತ ಯುದ್ಧ ಕಂಡ ಕಲಿಯೂ ಹೌದು, ಕವಿಯೂ ಹೌದು. ಹಾಗಾಗಿ 941ರಲ್ಲಿ ಭಾರತವನ್ನೇ ಬರೆದಿಟ್ಟ. ಈಗಿನ ಸುಬೇದಾರರು ಬರೆಯುವುದೆಲ್ಲ ಅರ್ಜಿ.

ಅರ್ಜಿಗಳಲ್ಲಿ ದೊಡ್ಡದು ನವೆಂಬರಿನದು. ಪಿಂಚಣಿ ಪಡೆಯುವವರೆಲ್ಲ ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಪ್ರಮಾಣ ಕೊಡಬೇಕು. 2014ರ ನವೆಂಬರಿನಿಂದ ಇದಕ್ಕೆ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ದಾರಿ ಬಂತು. ಆಧಾರ್ ಸಂಖ್ಯೆ ಕೊಟ್ಟು ಹೆಬ್ಬೆರಳು ಒತ್ತಿದರೆ ಮುಗಿಯಿತು. ಕುಂಟಿ, ಕುಡುಗೋಲು ಹಿಡಿದು ಸವೆದ ಹೆಬ್ಬೆರಳನ್ನು ಯಂತ್ರ ಒಪ್ಪಬೇಕಲ್ಲ! ‘ಸಾಹೇಬ್ರ, ಬರವಲ್ದರಿ. ಒರೆಸಿ ಇನ್ನೊಮ್ಮೆ ಇಡ್ರಿ’ ಎನ್ನುತ್ತಾನೆ ಕಂಪ್ಯೂಟರ್ ಸೆಂಟರಿನ ಹುಡುಗ. ಒರೆಸಿ ಇಟ್ಟರೂ ಬರುವುದಿಲ್ಲ. ಉಗುರುಬೆಚ್ಚನೆ ನೀರಲ್ಲಿ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿ, ಬೆರಳು ಬದಲಿಸಿ ನೋಡುವ ಉಪಾಯಗಳಿವೆ. 2021ರಿಂದ ಮುಖ ತೋರಿಸಿದರೂ ನಡೆಯುತ್ತದೆ. ಆಗ ಕಣ್ಣು ಮಿಟುಕಿಸು ಎನ್ನುತ್ತದೆ ಫೋನು. ಯೋಧರು ಶಿಸ್ತಿನಿಂದ ನೆಟ್ಟ ನೋಟ ನೋಡುತ್ತ ನಿಲ್ಲುತ್ತಾರೆ, ಫೋನು ಅವರನ್ನು ಸ್ವೀಕರಿಸುವುದಿಲ್ಲ. ಮಡಿದವನಿಗೆ ಕೇಳದೆಯೇ ಕಲ್ಲು ನಿಲ್ಲಿಸಿದ ನಾಡಿನಲ್ಲಿ ಬದುಕಿ ಬಂದವನು ಕಣ್ಣು ಮಿಟುಕಿಸಿ ಸಾಕ್ಷಿ ಹೇಳಬೇಕು.

ಹೆಬ್ಬೆರಳು ಬಂದ ಮೇಲೂ ಕಾಗದ ಬಿಡುವುದಿಲ್ಲ. ಇಲ್ಲಿನ ಎಷ್ಟೋ ಫೌಜಿಗಳ ಹುಟ್ಟಿದ ದಿನ ಜೂನ್ 1. ಸಾಲಿಗೆ ಸೇರಿಸುವಾಗ ಮಾಸ್ತರರು ಕೊಟ್ಟ ತಾರೀಖು ಅದು. ಸೈನ್ಯವೂ ಅದನ್ನೇ ಬರೆದುಕೊಂಡಿತು. ತೊಡಕು ಬರುವುದು ಹೆಂಡತಿಯ ಹೆಸರಿನಲ್ಲಿ. ಮದುವೆಯಾದಾಗ ಯೂನಿಟ್ಟಿನಲ್ಲಿ ‘ಪಾರ್ಟ್ ಟೂ ಆರ್ಡರ್’ ಆಗಬೇಕು, ಅಂದರೆ ಹೆಂಡತಿ ಮಕ್ಕಳ ಹೆಸರು, ಹುಟ್ಟಿದ ದಿನ ದಾಖಲೆಗೆ ಏರಬೇಕು. ಪಂಜಾಬಿನ ಯಾವುದೋ ಛಾವಣಿಯಲ್ಲಿ ಕೂತ ಕಾರಕೂನ ಕೇಳಿಸಿದಂತೆ ಅದನ್ನು ಬರೆದಿರುತ್ತಾನೆ. ಅಲ್ಲಿ ನೀಲವ್ವ, ಆಧಾರಿನಲ್ಲಿ ನೀಲಮ್ಮ, ಬ್ಯಾಂಕಿನಲ್ಲಿ ನೀಲಾವತಿ. ಗಂಡ ಇರುವವರೆಗೆ ಮೂವರೂ ಒಬ್ಬಳೇ. ಅವನು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಹೋದಾಗ ಮೂವರಾಗುತ್ತಾರೆ. ಇದನ್ನು ಓದುತ್ತಿರುವ ಮಾಜಿ ಸೈನಿಕರು ತಮ್ಮ ಡಿಸ್ಚಾರ್ಜ್ ಬುಕ್ಕನ್ನು ಇವತ್ತೇ ಟ್ರಂಕಿನಿಂದ ತೆಗೆದು ನೋಡುವುದು ಒಳ್ಳೆಯದು.

ಆ ಟ್ರಂಕಿನ ಬಗೆಗೂ ಒಂದು ಮಾತು. ಕರಿ ಕಬ್ಬಿಣದ್ದು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು. ಬಣ್ಣ ಅಲ್ಲಲ್ಲಿ ಎದ್ದರೂ ನಂಬರು ಮಾತ್ರ ಓದಲು ಬರುತ್ತದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಆ ನಂಬರನ್ನು ತಪ್ಪಿಲ್ಲದೆ ಹೇಳುತ್ತಾರೆ. ಮಗಳ ಮೊಬೈಲ್ ನಂಬರು ನೆನಪಿರುವುದಿಲ್ಲ. ಒಳಗೆ ಪದಕಗಳ ಡಬ್ಬಿ, ಮಡಿಕೆ ಹಾಕಿದ ಯೂನಿಫಾರ್ಮು, ಒಂದು ಉಣ್ಣೆ ಟೊಪ್ಪಿಗೆ, ಕ್ಯಾಂಟೀನ್ ಕಾರ್ಡು.

ಕ್ಯಾಂಟೀನ್ ಕಾರ್ಡಿನಿಂದ ಸಂಬಂಧಿಕರು ಹುಟ್ಟಿಕೊಳ್ಳುತ್ತಾರೆ. ಸೋದರಮಾವನ ಷಡ್ಡಕನ ಮಗನೂ ‘ಮಾಮಾ, ಈ ಸಲ ಒಂದು ಬಾಟ್ಲಿ ಇರ್ಲಿ’ ಎನ್ನುತ್ತಾನೆ. ಕೊಟ್ಟರೆ ನಿಯಮ ಮುರಿದಂತೆ, ಕೊಡದಿದ್ದರೆ ಮುಂದಿನ ಮದುವೆಗೆ ಕರೆಯೋಲೆ ಬರುವುದಿಲ್ಲ. ಈ ಗಡಿಯನ್ನು ಕಾಯುವುದು ಕಷ್ಟವೆಂದು ಅನುಭವಸ್ಥರೇ ಒಪ್ಪುತ್ತಾರೆ.

ಯುದ್ಧದ ಮಾತು ತೆಗೆದರೆ ಬಹಳ ಮಂದಿ ಹವಾಮಾನದ ಮಾತಾಡುತ್ತಾರೆ. ಥಂಡಿ ಎಷ್ಟಿತ್ತು, ಸೀಮೆಎಣ್ಣೆ ಬುಖಾರಿ ಹೇಗೆ ಉರಿಯುತ್ತಿತ್ತು, ಉಸಿರು ಹೇಗೆ ಹಿಡಿಯುತ್ತಿತ್ತು. ಅದೇ ಥಂಡಿಯ ಸೀಮೆಯಿಂದ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಲಡಾಖ್, ಟಿಬೆಟ್, ಮಂಗೋಲಿಯಾದ ಎತ್ತರದ ಸರೋವರಗಳ ದಂಡೆಯಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಇಲ್ಲಿ ಕಡಲೆ ಮೇಯಲು ಇಳಿಯುವ ಹಕ್ಕಿಗಳು. 2024ರ ಜನವರಿಯಲ್ಲಿ ಈ ಕೆರೆಗೆ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ನೋಡಲು ಬರುವವರು ದುರ್ಬೀನು ಹಿಡಿದು ಬರುತ್ತಾರೆ. ಲಡಾಖಿನಲ್ಲಿ ಎರಡು ಚಳಿಗಾಲ ಕಳೆದವರಿಗೆ ದುರ್ಬೀನು ಬೇಕಿಲ್ಲ, ಆ ನೀರು, ಆ ಗಾಳಿ ಎಂಥದ್ದೆಂದು ಗೊತ್ತು. ಹೊಲದವರು ಮಾತ್ರ ಈ ಹಕ್ಕಿಗಳನ್ನು ಕಡಲೆಯ ಲೆಕ್ಕದಲ್ಲೇ ನೋಡುತ್ತಾರೆ.

ಲಡಾಖಿನ ಆ ಎತ್ತರ ಏನೆಂಬುದು ಈ ಭಾಗದ ಊರೂರಿಗೂ ತಿಳಿದದ್ದು 2016ರ ಫೆಬ್ರುವರಿಯಲ್ಲಿ. ಲಕ್ಷ್ಮೇಶ್ವರದ ನೆರೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನಮಂತಪ್ಪ ಕೊಪ್ಪದ, ಮದ್ರಾಸ್ ರೆಜಿಮೆಂಟಿನ 19ನೇ ಬಟಾಲಿಯನ್ನಿನವರು. ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮಗೋಡೆ ಕುಸಿದು ಹತ್ತು ಜನ ಹೂತುಹೋದರು. ಆರನೆಯ ದಿನ ಇವರೊಬ್ಬರು ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ನಡುವಿನ ಮೂರು ದಿನ ಇಲ್ಲಿನ ಗುಡಿ, ಮಠ, ದರ್ಗಾಗಳಲ್ಲೆಲ್ಲ ಒಂದೇ ಹರಕೆ. ಸೈನ್ಯ ಆಗ ತಿಳಿಸಿದ ಒಂದು ಸಂಗತಿ ಅಷ್ಟಾಗಿ ಜನರ ನೆನಪಿನಲ್ಲಿ ಉಳಿದಿಲ್ಲ: ಅವರ 13 ವರ್ಷದ ಸೇವೆಯಲ್ಲಿ 10 ವರ್ಷ ಕಷ್ಟದ ಪ್ರದೇಶಗಳಲ್ಲೇ ಕಳೆದಿತ್ತು. ಅಂಥ ವರ್ಷಗಳನ್ನು ಕಳೆದು ಬದುಕಿ ಬಂದವರು ಸಂತೆಯಲ್ಲಿ ಉಳ್ಳಾಗಡ್ಡಿ ಆರಿಸುತ್ತಿರುತ್ತಾರೆ. ನಮಗೆ ಗುರುತು ಸಿಗುವುದಿಲ್ಲ, ಅಷ್ಟೆ.

ಕಟ್ಟೆ ಬೇಸರವಾದ ಮೇಲೆ ಎರಡನೆಯ ನೌಕರಿಯ ಹುಡುಕಾಟ. ಕೇಂದ್ರ ಸರ್ಕಾರದ ಸಿ ದರ್ಜೆಯ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ 10, ಬ್ಯಾಂಕುಗಳ ಗುಮಾಸ್ತ ಹುದ್ದೆಗಳಲ್ಲಿ ಶೇ 14.5 ಮೀಸಲು. ಸಿಗುವವರಿಗೆ ಸಿಗುತ್ತದೆ. ನಲವತ್ತರ ಹವಾಲ್ದಾರರು ಇಪ್ಪತ್ತೆರಡರ ಹುಡುಗರ ಪಕ್ಕ ಕೂತು ರೀಸನಿಂಗ್ ಪ್ರಶ್ನೆ ಬಿಡಿಸುವ ದೃಶ್ಯ ಗದಗಿನ ಕೋಚಿಂಗ್ ಕ್ಲಾಸುಗಳಿಗೆ ಹೊಸದಲ್ಲ. ಸಿಗದವರು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂಡುತ್ತಾರೆ. ಇನ್ನು ಕೆಲವರು ನಸುಕಿನಲ್ಲಿ ಊರ ಹುಡುಗರನ್ನು ಓಡಿಸುತ್ತಾರೆ. ಬಹುಕಾಲ ಭರ್ತಿಯ ಲೆಕ್ಕ ಇದು: 1,600 ಮೀಟರನ್ನು ಐದೂವರೆ ನಿಮಿಷದಲ್ಲಿ ಓಡಿದರೆ ಪೂರ್ಣ 60 ಅಂಕ, ಹತ್ತು ಪುಲ್‌ಅಪ್‌ಗೆ 40, ಮೇಲೆ ಒಂಬತ್ತು ಅಡಿಯ ಕಂದಕ ಜಿಗಿತ. ಮಳೆ ಬಿದ್ದ ಎರಿಯಲ್ಲಿ ಓಡಿಸಲಾಗದು, ಪ್ರತಿ ಹೆಜ್ಜೆಗೂ ಕಾಲಿಗೆ ಒಂದು ಸೇರು ಮಣ್ಣು ಹತ್ತುತ್ತದೆ. ಹಾಗಾಗಿ ಡಾಂಬರು ರಸ್ತೆಯೇ ಗತಿ. ಈ ಕಲಿಸುವ ಕೆಲಸದಲ್ಲಿ ಅವರ ಮುಖ ಕಳೆಗಟ್ಟುವಷ್ಟು ಸತ್ಕಾರ ಸಮಾರಂಭದಲ್ಲೂ ಕಳೆಗಟ್ಟಿರುವುದಿಲ್ಲ. ಬಹುಶಃ ಪುಕ್ಕಟೆ ಕಲಿಸುತ್ತಾರೆಂಬ ಕಾರಣಕ್ಕೇ ಊರು ಅದನ್ನು ಕೆಲಸವೆಂದು ಎಣಿಸಿಲ್ಲ.

ಆದರೆ ಹೀಗೆ ಓಡಿ ಗೆದ್ದ ಹುಡುಗರ ಲೆಕ್ಕ 2022ರ ಜೂನಿನಿಂದ ಬದಲಾಗಿದೆ. ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಕಾಯಂ ಆಗುವವರು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬ. ಉಳಿದ ಮೂವರಿಗೆ, ಯೋಜನೆ ಘೋಷಿಸಿದಾಗ ಹೇಳಿದಂತೆ, ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ. ಪಿಂಚಣಿ ಇಲ್ಲ, ಯೋಜನೆಯ ಷರತ್ತಿನಂತೆ ಮಾಜಿ ಸೈನಿಕರೆಂಬ ದರ್ಜೆಯೂ ಇಲ್ಲ, ಕ್ಯಾಂಟೀನ್ ಕಾರ್ಡೂ ಇಲ್ಲ. ನಲವತ್ತಕ್ಕೆ ಕಟ್ಟೆಗೆ ಬಂದವರ ಪಾಡು ಇದಾದರೆ, ಇವರಲ್ಲಿ ಬಹುತೇಕರು ಇಪ್ಪತ್ತೈದರ ಆಸುಪಾಸಿನಲ್ಲೇ ಬರುತ್ತಾರೆ. 2022ರ ಕೊನೆ ಮತ್ತು 2023ರ ಆರಂಭದಲ್ಲಿ ಸೇರಿದ ಮೊದಲ ತಂಡಕ್ಕೆ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಆರಂಭದಲ್ಲಿ.

ಮದುವೆಯಾಗದ, ಕೈಯಲ್ಲಿ ಹನ್ನೊಂದು ಲಕ್ಷವಿರುವ ಇಪ್ಪತ್ಮೂರರ ಹುಡುಗನ ಬಾಗಿಲಿಗೆ ಮೊದಲು ಬರುವವರು ಯಾರೆಂದು ಊಹಿಸಲು ಬಹಳ ಬುದ್ಧಿ ಬೇಡ. ಪ್ಲಾಟು ಮಾರುವವರು ಬರುತ್ತಾರೆ, ಕಂತಿನ ಮೇಲೆ ಕಾರು ಕೊಡುವವರು ಬರುತ್ತಾರೆ, ಫೋನಿನಲ್ಲಿ ಆಡಿಸುವವರು ಬರುತ್ತಾರೆ. ಅವರಿಗಿಂತ ಮೊದಲು ಊರಿನ ಸೊಸೈಟಿ ಹೋಗಬೇಕು. ಭಾರತದ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ತಾಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ. ಆ ಹೆಸರು ಹೇಳಿಕೊಳ್ಳುವ ಜಿಲ್ಲೆಯ ಸಂಘಗಳ ಕಾರ್ಯದರ್ಶಿಗಳು ತಮ್ಮ ಊರಿನಿಂದ ಅಗ್ನಿವೀರರಾಗಿ ಹೋದ ಹುಡುಗರ ಯಾದಿಯನ್ನು ಈಗಲೇ ಮಾಡಲಿ. ಠೇವಣಿ ಎಷ್ಟು ಇಡಬೇಕು, ಡೈರಿಗೋ ಗೋದಾಮಿಗೋ ಸಾಲ ಎಷ್ಟು ಸಿಗುತ್ತದೆ, ಸಂಘದಲ್ಲೇ ಕೆಲಸ ಉಂಟೇ ಎಂಬುದನ್ನು ಹುಡುಗ ರೈಲು ಹತ್ತುವ ಮೊದಲೇ ಫೋನು ಮಾಡಿ ಅವನಿಗೆ ತಿಳಿಸಲಿ.