ಅಂಗೈಯ ಮೇಲಿನ ಒಂದು ನಿಮಿಷ

ಕಾಯಕವನ್ನೇ ಪೂಜೆಯೆಂದು ಬಗೆದ ಶರಣರು ಕಾಯಕ ಮಾಡುವವರ ಮನಸ್ಸನ್ನು ಮರೆತವರಲ್ಲ. ಚಂಚಲವಾದ ಮನವನ್ನು ಕುರಿತು ಅವರು ಮತ್ತೆ ಮತ್ತೆ ನುಡಿದಿದ್ದಾರೆ.

ಕಲಬುರಗಿ ಸೀಮೆಯ ಹಳ್ಳಿಯೊಂದರ ಹುಡುಗಿ ಬಿ.ಎಸ್ಸಿ. ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಳು. ನಾಲ್ಕು ವರ್ಷಗಳ ಈ ವ್ಯಾಸಂಗದಲ್ಲಿ ಪಾಠದೊಡನೆ ವಾರ್ಡಿನ ಸೇವೆಯೂ ಸೇರಿದೆ. ಹನ್ನೆರಡು ದಿನ ಆಕೆ ಒಬ್ಬ ವೃದ್ಧೆಯ ಮೈ ಒರೆಸಿದಳು, ತಲೆ ಬಾಚಿದಳು. ಹದಿಮೂರನೆಯ ದಿನ ಆ ಮಂಚದ ಮೇಲೆ ಹೊಸ ಹಾಸು ಹಾಸಿತ್ತು. ಯಾರೂ ಏನೂ ಹೇಳಲಿಲ್ಲ, ಆಕೆಯೂ ಕೇಳಲಿಲ್ಲ. ಅಳುವುದು ದಾದಿಗೆ ತಕ್ಕುದಲ್ಲವೆಂದು ನಂಬಿದ್ದಳು. ನಾಲ್ಕನೆಯ ದಿನ ಔಷಧಿಯ ಚೀಟಿಯನ್ನು ಎರಡು ಬಾರಿ ಓದಿದರೂ ಪ್ರಮಾಣವು ಮನಸ್ಸಿಗೆ ಇಳಿಯಲಿಲ್ಲ. ಹಿರಿಯ ಸಿಸ್ಟರ್ ಕೈ ತಡೆಯದಿದ್ದರೆ ತಪ್ಪೊಂದು ನಡೆದುಹೋಗುತ್ತಿತ್ತು.

ಅಂದು ರಾತ್ರಿ ಧ್ಯಾನಕ್ಕೆ ಕುಳಿತಳು. ಕಣ್ಣು ಮುಚ್ಚಿದೊಡನೆ ವೃದ್ಧೆಯ ಮುಖವೇ ಎದುರಾಯಿತು. ನಿತ್ಯವೂ ಅಂಗೈಯಲ್ಲಿ ಲಿಂಗವನ್ನಿರಿಸಿ ದೃಷ್ಟಿ ನೆಡುವ ಅಜ್ಜಿಗೆ ಫೋನಿನಲ್ಲಿ ಹೇಳಿಕೊಂಡಳು.

"ಮುಖ ಬಂದ್ರ ಬರ್ಲಿ ಬಿಡವ್ವಾ, ಓಡಸಬ್ಯಾಡ. ನೀ ನಿನ್ನ ಉಸುರು ನೋಡಕೋಂತ ಕುಂದ್ರು" ಎಂದಳು ಅಜ್ಜಿ.

ಆ ರಾತ್ರಿ ಮೊದಲ ಬಾರಿಗೆ ಅತ್ತಳು.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬತ್-ಜಿನ್ ಎಂಬವರು ರೋಗಿಗಳಿಗಾಗಿ ರೂಪಿಸಿದ ಎಂಟು ವಾರಗಳ ಧ್ಯಾನಕ್ರಮದ ತಿರುಳೂ ಇದೇ: ಬಂದುದನ್ನು ತಳ್ಳದೆ, ಹಿಡಿಯದೆ ನೋಡುವುದು. ನಿಶ್ವಾಸವು ದೀರ್ಘವಾದಾಗ ಎದೆಬಡಿತ ನಿಧಾನಿಸುತ್ತದೆಂಬುದು ಶರೀರಶಾಸ್ತ್ರದ ಮಾತು.

ವಾರ್ಡಿನಲ್ಲಿ ಕಣ್ಣು ಮುಚ್ಚಿ ಕುಳಿತುಕೊಳ್ಳಲು ಬಿಡುವೆಲ್ಲಿ? ಸೋಪಿನಿಂದ ಕೈ ತೊಳೆಯಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅವಧಿ 40ರಿಂದ 60 ಸೆಕೆಂಡು. ಒಬ್ಬ ರೋಗಿಯಿಂದ ಮತ್ತೊಬ್ಬರ ಬಳಿಗೆ ಹೋಗುವ ಮುನ್ನ ಆ ಒಂದು ನಿಮಿಷ ಆಕೆ ತನ್ನ ಅಂಗೈಯನ್ನೂ ಉಸಿರನ್ನೂ ನೋಡುವುದನ್ನು ರೂಢಿಸಿಕೊಂಡಳು.

ಧ್ಯಾನವು ನಿದ್ದೆಗೆ ಬದಲಿಯಲ್ಲ. ಮಿತಿಮೀರಿದ ದುಡಿಮೆಗೆ ಮದ್ದೂ ಅಲ್ಲ. ಕಣ್ಣು ಮುಚ್ಚಿದಾಗ ಸಂಕಟ ಹೆಚ್ಚುವುದಾದರೆ ನಿಲ್ಲಿಸಿ, ಬಲ್ಲವರ ನೆರವು ಪಡೆಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416 ಇರುವುದು ಇದಕ್ಕಾಗಿಯೇ. ಆ ಹುಡುಗಿಯೂ ಮರುದಿನವೇ ತನ್ನ ಶಿಕ್ಷಕಿಯ ಬಳಿ ಎಲ್ಲವನ್ನೂ ಹೇಳಿಕೊಂಡಳು.

ವೃದ್ಧೆಯ ಮುಖ ಈಗಲೂ ಬರುತ್ತದೆ, ಆಕೆ ಓಡಿಸುವುದಿಲ್ಲ. ಚೀಟಿಯನ್ನು ಓದಿದರೆ ಅಕ್ಷರ ಮನಸ್ಸಿಗಿಳಿಯುತ್ತದೆ. ಮನ ನಿಲ್ಲಬೇಕು, ಆದರೆ ಕಲ್ಲಾಗಬಾರದು. ದಯೆಯೇ ಮೂಲವೆಂದ ಶರಣರ ಹಾದಿಯಲ್ಲಿ, ಆ ದಯೆಯಲ್ಲಿ ಒಂದು ಪಾಲು ಸೇವೆ ಮಾಡುವ ಜೀವಕ್ಕೂ ಸಲ್ಲಬೇಕು.