ಸ್ಟಾಂಪಿನ ಮೇಲಿನ ಸಹಿ

ಹಳೆಯ ರಶೀದಿಯ ಮೂಲೆಯಲ್ಲಿ ದೊರೆಯ ಚಿತ್ರವುಳ್ಳ ಒಂದಾಣೆಯ ಸ್ಟಾಂಪನ್ನೂ, ಅದರ ಮೇಲೆ ಹಾದು ಕಾಗದಕ್ಕೆ ಇಳಿದ ಸಹಿಯನ್ನೂ ನೀವು ನೋಡಿರಬಹುದು. ರಾಜಕೀಯ ಮುಖಂಡರ ಸಹಿಯುಳ್ಳ ಇಂತಹ ರಶೀದಿಗಳನ್ನು ಹುಡುಕುವುದು ನನ್ನ ಬಹುಕಾಲದ ಹವ್ಯಾಸ.

ಆ ಸಹಿ ಅಲಂಕಾರಕ್ಕಾಗಿ ಹಾಕಿದ್ದಲ್ಲ. 1899ರ ಭಾರತೀಯ ಸ್ಟಾಂಪು ಕಾಯಿದೆಯು 20 ರೂಪಾಯಿಗೆ ಮೀರಿದ ಹಣದ ರಶೀದಿಗೆ ಒಂದಾಣೆಯ ಸ್ಟಾಂಪನ್ನು ವಿಧಿಸಿತು. ಅದು ಮರಳಿ ಬಳಕೆಯಾಗದಂತೆ, ಹೆಸರನ್ನೋ ಮೊದಲಕ್ಷರಗಳನ್ನೋ ದಿನಾಂಕದೊಡನೆ ಅದರ ಮೇಲೆ ಬರೆದು ರದ್ದುಗೊಳಿಸುವುದು ವಾಡಿಕೆಯಾಯಿತು. ರೈತನಾಗಲಿ ಮಂತ್ರಿಯಾಗಲಿ, ನಿಯಮ ಒಂದೇ. 1906ರಲ್ಲಿ ಅಂಚೆಗೂ ರಶೀದಿಗೂ ಸಲ್ಲುವ ಸ್ಟಾಂಪುಗಳೂ ಬಂದವು.

ಗಾಂಧೀಜಿಯವರು ಹಸ್ತಾಕ್ಷರ ಬೇಡಿದವರಿಂದ ಹರಿಜನ ನಿಧಿಗಾಗಿ 5 ರೂಪಾಯಿ ಪಡೆಯುತ್ತಿದ್ದರು. ಅದು ಅಭಿಮಾನಿಗೆ ಕೊಟ್ಟ ಸಹಿ. ರಶೀದಿಯ ಸಹಿಯಾದರೋ, ‘ಇಷ್ಟು ಹಣ ನನ್ನ ಕೈಸೇರಿತು’ ಎಂಬ ಒಪ್ಪಿಗೆ. ದೊಡ್ಡವರು ಲೆಕ್ಕಕ್ಕೆ ತಲೆಬಾಗಿದ ಗುರುತು ಅದು. ನನ್ನನ್ನು ಸೆಳೆದದ್ದೂ ಅದೇ.

ಕೆಲವು ವರ್ಷಗಳ ಹಿಂದೆ ವ್ಯಾಪಾರಿಯೊಬ್ಬರು, ಕಾಗದದಿಂದ ನೆನೆಸಿ ಬಿಡಿಸಿದ ಸ್ಟಾಂಪೊಂದನ್ನು ತೋರಿಸಿ, ಪ್ರಸಿದ್ಧ ನಾಯಕರ ಸಹಿಯೆಂದರು. ಬೆಲೆ ನನ್ನ ಒಂದು ತಿಂಗಳ ಪಿಂಚಣಿಯಷ್ಟು. ಆದರೆ ಸಹಿಯ ಆದಿಯೂ ಅಂತ್ಯವೂ ಕಾಗದದೊಡನೆ ಹೋಗಿ, ನಡುವಿನ ನಾಲ್ಕು ಗೆರೆಗಳಷ್ಟೇ ಉಳಿದಿದ್ದವು. ನಾನು ಕೊಳ್ಳಲಿಲ್ಲ. ಬಳಸದ ಹಳೆಯ ಸ್ಟಾಂಪಿನ ಮೇಲೆ ಇಂದು ಯಾರು ಬೇಕಾದರೂ ಬರೆಯಬಹುದು. ಹಣ ಕೊಟ್ಟವರಾರು, ಯಾವ ದಿನ, ಯಾವ ಬಾಬ್ತು ಎಂಬುದನ್ನು ಸಾಕ್ಷಿ ನುಡಿಯುವುದು ಕಾಗದವೇ.

ಒಂದು ಉದಾಹರಣೆ ನೋಡಿರಿ. 1931ರ ಕರಾಚಿ ಅಧಿವೇಶನದ ನಿರ್ಣಯದಂತೆ, 1937ರಲ್ಲಿ ಪ್ರಾಂತಗಳ ಅಧಿಕಾರ ವಹಿಸಿಕೊಂಡ ಕಾಂಗ್ರೆಸ್ ಮಂತ್ರಿಗಳು ತಿಂಗಳಿಗೆ 500 ರೂಪಾಯಿ ಸಂಬಳವನ್ನು ಒಪ್ಪಿಕೊಂಡರು. ಅಂತಹ ಮಂತ್ರಿಯೊಬ್ಬರ ಸಂಬಳದ ರಶೀದಿ ದೊರೆತರೆ, ಅದರಲ್ಲಿ ಓದಬೇಕಾದುದು ಸಹಿಯನ್ನಲ್ಲ, ಆ ಮೊತ್ತವನ್ನು. ಸ್ಟಾಂಪನ್ನು ಕತ್ತರಿಸಿದವನು ಸಹಿಯನ್ನು ಉಳಿಸಿಕೊಂಡು ಆ ಸರಳತೆಯ ಸಾಕ್ಷ್ಯವನ್ನು ಕಳೆದಂತಾಯಿತು.

ಆದುದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೆ: ಹಿರಿಯರ ಕಾಗದಪತ್ರಗಳನ್ನು ಗುಜರಿಗೆ ಹಾಕುವ ಮುನ್ನ ಒಂದೊಂದನ್ನೂ ಓದಿರಿ. ಸ್ಟಾಂಪನ್ನು ನೆನೆಸಬೇಡಿರಿ, ಕತ್ತರಿಸಬೇಡಿರಿ; ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿರಿ. ಒಣಗಿದ ಜಾಗದಲ್ಲಿ, ಬಿಸಿಲು ತಾಗದಂತೆ ಇಡಿರಿ. ಪ್ರಸಿದ್ಧರ ಹೆಸರು ಅದರಲ್ಲಿಲ್ಲದಿದ್ದರೂ ಚಿಂತೆಯಿಲ್ಲ. ಪಡೆದುದನ್ನು ಪಡೆದೆನೆಂದು ಬರೆದುಕೊಟ್ಟ ಒಬ್ಬ ಮನುಷ್ಯನ ಮಾತು ಅಲ್ಲಿ ಪೂರ್ಣವಾಗಿ ಉಳಿದಿರುತ್ತದೆ.