ಬ್ರಿಲಿಯಂಟ್ ಅಂದರೆ ಏನು, ತಾತ?

ಇಂಗ್ಲಿಷ್ ಓದಲು ಬಾರದ ಅಜ್ಜಿಯರೂ ಸಲೀಸಾಗಿ ಬಳಸುವ ಇಂಗ್ಲಿಷ್ ವಿಶೇಷಣವೊಂದು ಹಳೆಯ ಬೆಂಗಳೂರಿನ ಬಡಾವಣೆಗಳಲ್ಲಿ ನೆಲೆಯೂರಿದೆ. ‘ನಮ್ಮ ಮೊಮ್ಮಗ ಬ್ರಿಲಿಯಂಟು ಕಣ್ರೀ’ ಎಂಬ ಮಾತು ಗಾಂಧಿ ಬಜಾರಿನ ಹೂವಿನ ಅಂಗಡಿಯೆದುರು, ಮಲ್ಲೇಶ್ವರದ ಎಂಟನೇ ಕ್ರಾಸಿನ ಜನಜಂಗುಳಿಯಲ್ಲಿ ಒಂದಲ್ಲ ಒಂದು ಸಲ ಕಿವಿಗೆ ಬಿದ್ದೇ ಬೀಳುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರವಂತೂ ಕೇಳುವುದೇ ಬೇಡ. ಇಂಗ್ಲಿಷರು ಈ ಪದವನ್ನು ಬಿಸಿಲಿಗೆ, ನವಿಲಿನ ಬಣ್ಣಕ್ಕೆ, ವಜ್ರಕ್ಕೆ, ಪಿಟೀಲು ವಾದನಕ್ಕೆ, ಕೊನೆಗೆ ಒಂದು ಲೋಟ ಒಳ್ಳೆಯ ಚಹಾಕ್ಕೂ ಅನ್ವಯಿಸುತ್ತಾರೆ. ಇಲ್ಲಿ ಅದಕ್ಕೆ ಉಳಿದಿರುವುದು ಒಂದೇ ಅರ್ಥ: ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ. ಆ ಗೆರೆಯಿಂದ ಬಹಳ ಕೆಳಗಿರುವ ಮಕ್ಕಳಿಗೂ ಒಂದು ಪದ ಸಿದ್ಧವಾಗಿದೆ. ಅದು ‘ಡಲ್’.

1993ರ ಅಕ್ಟೋಬರಿನಲ್ಲಿ ಚಾಮರಾಜಪೇಟೆಯ ಮನೆಯೊಂದಕ್ಕೆ ಈ ಎರಡು ಪದಗಳೂ ಒಂದೇ ದಿನ ಬಂದವು. ಒಂಬತ್ತನೇ ತರಗತಿಯ ಹುಡುಗ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಮೂವತ್ತೊಂದು. ಪೋಷಕರ ಸಭೆಯಲ್ಲಿ ಹೇಳಿದ್ದು ಇಷ್ಟು: ‘ಒಳ್ಳೇ ಹುಡುಗ, ತುಂಟತನ ಇಲ್ಲ. ಆದ್ರೆ ಬ್ರಿಲಿಯಂಟ್ ಅಲ್ಲ, ಸ್ವಲ್ಪ ಡಲ್ಲು. ಮುಂದೆ ಸೈನ್ಸ್ ಆಸೆ ಇಟ್ಕೋಬೇಡಿ.’ ಬ್ಯಾಂಕಿನ ಗುಮಾಸ್ತರಾದ ತಂದೆ ಅಂದು ರಾತ್ರಿ ಊಟದ ಎಲೆಯ ಮುಂದೆ ತುಟಿ ಬಿಚ್ಚಲಿಲ್ಲ. ತಾಯಿ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡರು. ಹುಡುಗ ಮಾತ್ರ ನಡುಮನೆಗೆ ಬಂದು, ಅಂಚೆ ಇಲಾಖೆಯಿಂದ ನಿವೃತ್ತರಾಗಿ ಪದಬಂಧ ಬಿಡಿಸುತ್ತಾ ಕೂತಿದ್ದ ಅಜ್ಜನನ್ನು ಕೇಳಿದ: ‘ಬ್ರಿಲಿಯಂಟ್ ಅಂದ್ರೆ ಏನು, ತಾತ?’

‘ನನ್ನನ್ನೇನು ಕೇಳ್ತೀಯೋ? ನಿಘಂಟು ತಗೊಂಡು ಬಾ.’

ದಪ್ಪ ನಿಘಂಟು ಬಂತು. ಅದರ ದಾರಿ ಹಿಡಿದು ಹೊರಟರೆ ಒಂದು ಪದ ಇನ್ನೊಂದರ ಮನೆಗೆ ಕಳಿಸುತ್ತದೆ. ಬ್ರಿಲಿಯಂಟ್ ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದ ಕೊನೆಯಲ್ಲಿ, ಫ್ರೆಂಚರಿಂದ. ಅವರಲ್ಲಿ ‘ಬ್ರಿಯೇ’ ಎಂದರೆ ಹೊಳೆ. ಫ್ರೆಂಚರು ಅದನ್ನು ತಂದದ್ದು ಇಟಲಿಯ ‘ಬ್ರಿಲ್ಲಾರೆ’ಯಿಂದ. ಅದಕ್ಕೂ ಹಿಂದೆ ಲ್ಯಾಟಿನಿನ ‘ಬೆರಿಲ್ಲುಸ್’ ಇರಬೇಕೆಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಬೆರಿಲ್ಲುಸ್ ಎಂದರೆ ಬೆರಿಲ್ ಎಂಬ ರತ್ನ. ಪಚ್ಚೆ ಈ ಜಾತಿಯದೇ, ಸಮುದ್ರದ ತಿಳಿನೀಲಿಯ ಅಕ್ವಾಮರೀನ್ ಕೂಡ. ಲ್ಯಾಟಿನರಿಗೆ ಹೆಸರು ಕೊಟ್ಟವರು ಗ್ರೀಕರು. ಗ್ರೀಕರಿಗೆ ಕೊಟ್ಟದ್ದು ಭಾರತ. ಪಾಲಿಯಲ್ಲಿ ‘ವೇಳುರಿಯ’, ಪ್ರಾಕೃತದಲ್ಲಿ ‘ವೇರುಲಿಯ’, ಸಂಸ್ಕೃತದಲ್ಲಿ ‘ವೈಡೂರ್ಯ’. ಇಂದು ನವರತ್ನದ ಉಂಗುರದಲ್ಲಿ ವೈಡೂರ್ಯವೆಂದರೆ ಬೆಕ್ಕಿನ ಕಣ್ಣಿನಂಥ ಕಲ್ಲು. ಹಿಂದೆ ಬೆರಿಲ್ ಹರಳಿಗೂ ಅದೇ ಹೆಸರಿತ್ತು. ಈ ವೇಳುರಿಯ ದ್ರಾವಿಡ ಮೂಲದ್ದೆಂದೂ, ಬಹುಶಃ ದಕ್ಷಿಣ ಭಾರತದ ವೇಲೂರು ಎಂಬ ಊರಿನಿಂದ ಬಂದಿರಬಹುದೆಂದೂ ಹಲವು ನಿಘಂಟುಗಳು ಬರೆಯುತ್ತವೆ. ಆ ವೇಲೂರು ಯಾವುದು? ನಮ್ಮ ಹಾಸನ ಜಿಲ್ಲೆಯ ಬೇಲೂರು!

ತಾತ ಕುರ್ಚಿಯಿಂದ ಎದ್ದೇಬಿಟ್ಟರು. ‘ನೋಡಿದ್ಯೇನಮ್ಮಾ’ ಎಂದು ಅಡುಗೆಮನೆಯ ಕಡೆ ಕೂಗಿದರು, ‘ಆ ಮೇಷ್ಟ್ರು ಇಲ್ಲ ಅಂದ ಪದ ನಮ್ಮೂರಿಂದಲೇ ಹೋಗಿದ್ದು!’

‘ಪದ ಹೋದ್ರೆ ಮಾರ್ಕ್ಸು ಬರುತ್ತಾ, ಮಾವ?’ ಎಂದು ಒಳಗಿನಿಂದ ಉತ್ತರ ಬಂತು.

ತಾತನ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಹಾಕಬೇಕಾಗುತ್ತದೆ. ಬೇಲೂರು ಹೆಸರಾದದ್ದು ಹೊಯ್ಸಳರ ಕಾಲದಲ್ಲಿ. ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ವೇಳುರಿಯ ಪದವಾದರೋ ಅದಕ್ಕಿಂತ ಸಾವಿರ ವರ್ಷಕ್ಕೂ ಹಳೆಯದು. ಆದ್ದರಿಂದಲೇ ನಿಘಂಟಿನಲ್ಲಿ ಆ ‘ಬಹುಶಃ’ ಇರುವುದು. ಸಂಸ್ಕೃತ ವೈಯಾಕರಣರ ದಾರಿಯೇ ಬೇರೆ. ಪಾಣಿನಿ ವೈಡೂರ್ಯವನ್ನು ವಿದೂರ ಎಂಬ ಹೆಸರಿನಿಂದ ಸಾಧಿಸುತ್ತಾನೆ. ಆ ಕಲ್ಲು ಹುಟ್ಟುವುದು ವಾಲವಾಯದಲ್ಲಿ, ವಿದೂರದಲ್ಲಿ ಅದಕ್ಕೆ ಹೊಳಪು ಕೊಡುತ್ತಾರಷ್ಟೆ ಎಂಬ ಚರ್ಚೆ ಪತಂಜಲಿಯಲ್ಲಿ ಬರುತ್ತದೆ. ಹುಟ್ಟಿದ್ದು ಒಂದೂರು, ಹೆಸರು ಮಾತ್ರ ಉಜ್ಜಿದ ಊರಿನದು. ಟ್ಯೂಷನ್ ಕ್ಲಾಸುಗಳ ಜಾಹೀರಾತಿನಲ್ಲಿ ರ‍್ಯಾಂಕ್ ವಿಜೇತರ ಫೋಟೋ ನೋಡಿದವರಿಗೆ ಇದೇನೂ ಹೊಸದಲ್ಲ.

ಆದರೆ ಬೇಲೂರು ತಪ್ಪಿದರೂ ಕನ್ನಡನಾಡು ತಪ್ಪುವುದಿಲ್ಲ. ಮರುದಿನ ತಾತ ಕೊಡೆ ಹಿಡಿದು, ಕೂಗಳತೆಯಲ್ಲೇ ಇದ್ದ ಕನ್ನಡ ಸಾಹಿತ್ಯ ಪರಿಷತ್ತಿನ ಪುಸ್ತಕಾಲಯಕ್ಕೆ ಹೋದರು. ಎರಡು ದಿನ ಹುಡುಕಿ ತಂದ ಸಂಗತಿ ದೊಡ್ಡದೇ. ಕ್ರಿ.ಶ. 2ನೇ ಶತಮಾನದ ಭೂಗೋಳಜ್ಞ ಟಾಲೆಮಿ ದಕ್ಷಿಣ ಭಾರತದ ಊರುಗಳನ್ನು ಹೇಳುತ್ತಾ ‘ಪೌನ್ನಾಟ’ ಎಂಬಲ್ಲಿ ಬೆರಿಲ್ ಸಿಗುತ್ತದೆಂದು ಬರೆದಿದ್ದಾನೆ. ಶಾಸನಗಳ ಬಿ. ಎಲ್. ರೈಸ್ ಅದನ್ನು ಪುನ್ನಾಟವೆಂದು ಗುರುತಿಸಿದರು. ಪುನ್ನಾಟವೆಂದರೆ ಕಪಿಲಾ ನದಿಯ ಸೀಮೆ, ಇಂದಿನ ಹೆಗ್ಗಡದೇವನಕೋಟೆಯ ಸುತ್ತಿನ ನಾಡು. ಅಲ್ಲಿಂದ ಕೆಳಗೆ ಕೊಂಗುನಾಡಿನ ಪಡಿಯೂರಿನಲ್ಲೂ ಬೆರಿಲ್ ಗಣಿ ಇತ್ತು. ಅಲ್ಲೆಲ್ಲ ರೋಮನ್ ನಾಣ್ಯಗಳು ಸಿಕ್ಕಿವೆ. ಅಷ್ಟು ದೂರವೇಕೆ, 1891ರಲ್ಲಿ ಮಲ್ಲೇಶ್ವರದ ಪಕ್ಕದ ಯಶವಂತಪುರದಲ್ಲೇ ನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ನೆಲದಿಂದೆದ್ದವು. ರೋಮಿನ ಪ್ಲಿನಿಯಂತೂ ಬೆರಿಲ್ ಭಾರತ ಬಿಟ್ಟರೆ ಬೇರೆಡೆ ಅಪರೂಪ ಎಂದಿದ್ದಾನೆ. ಜೊತೆಗೆ, ಭಾರತೀಯರು ಸ್ಫಟಿಕಕ್ಕೆ ಬಣ್ಣ ಕಟ್ಟಿ ನಕಲಿ ಬೆರಿಲ್ ಮಾಡುತ್ತಾರೆಂದು ಗೊಣಗಿದ್ದಾನೆ ಕೂಡ.

ಇನ್ನು ಆ ಕಲ್ಲಿನ ಗುಣ. ಬೆರಿಲ್ ಎಂದರೆ ಬೆರಿಲಿಯಂ, ಅಲ್ಯುಮಿನಿಯಂ, ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ ಖನಿಜ. ಆರು ಮುಖದ ಕಂಬದಂತೆ ಬೆಳೆಯುವ ಹರಳು. ಶುದ್ಧ ಬೆರಿಲಿಗೆ ಬಣ್ಣವೇ ಇಲ್ಲ. ಒಂದಿಷ್ಟು ಕ್ರೋಮಿಯಂ ಬೆರೆತರೆ ಪಚ್ಚೆ, ಕಬ್ಬಿಣ ಬೆರೆತರೆ ತಿಳಿನೀಲಿ. ಅದು ಸ್ವಂತ ಬೆಳಕಿನಿಂದ ಹೊಳೆಯುವುದೂ ಇಲ್ಲ. ಯಾವ ರತ್ನವೂ ಹಾಗೆ ಹೊಳೆಯುವುದಿಲ್ಲ. ‘ಬ್ರಿಲಿಯಂಟ್ ಕಟ್’ ಎಂದು ಚಿನ್ನಾಭರಣದ ಅಂಗಡಿಯವರು ಹೇಳುತ್ತಾರಲ್ಲ, ಅಲ್ಲಿ ವಜ್ರಕ್ಕೆ 57 ಅಥವಾ 58 ಮುಖಗಳನ್ನು ಕೊಡುವುದು ಮೇಲಿನಿಂದ ಹೊಕ್ಕ ಬೆಳಕು ಕೆಳಗೆ ಸೋರಿಹೋಗದೆ ಒಳಗೇ ಪ್ರತಿಫಲಿಸಿ ಮತ್ತೆ ಮೇಲಕ್ಕೆ ಬರಲೆಂದು. ಕೋನ ತಪ್ಪಿದರೆ ಅದೇ ವಜ್ರ ಮಂಕು. ಕಲ್ಲು ಅದೇ, ಬೆಳಕು ಅದೇ.

ಡಲ್ ಪದದ ನಡೆ ಇದಕ್ಕೆ ತದ್ವಿರುದ್ಧ. ಬ್ರಿಲಿಯಂಟ್ ಮೊದಲು ಹೊಳೆಯುವ ವಸ್ತುವಿಗೆ ಹೇಳಿ, ಆಮೇಲೆ ಬುದ್ಧಿಗೆ ಏರಿದ ಪದ. ಡಲ್ ಮೊದಲು ಮಂದಬುದ್ಧಿಯವನಿಗೆ ಹೇಳಿದ್ದು. ಮೊಂಡು ಕತ್ತಿಗೆ, ಮಾಸಿದ ಬಣ್ಣಕ್ಕೆ ಇಳಿದದ್ದು ಆಮೇಲೆ. ಕನ್ನಡದಲ್ಲಿ ಬೆಳಕನ್ನು ಸಂಸ್ಕೃತದ ‘ಪ್ರತಿಭೆ’ಗೆ ಬಿಟ್ಟು, ಮನೆಮಾತಿನಲ್ಲಿ ‘ಚುರುಕು’ ಎನ್ನುತ್ತೇವೆ. ಬಿಸಿಲಿನ ಚುರುಕೂ ಅದೇ, ಹುಡುಗನ ಚುರುಕೂ ಅದೇ. ತಾಗಿದರೆ ಗೊತ್ತಾಗಬೇಕು.

ಇಷ್ಟೆಲ್ಲ ನಡೆಯುವಾಗ ತಾತನ ಕಣ್ಣಿಗೆ ಬಿದ್ದದ್ದು ಬೇರೊಂದು. ಬೆರಿಲ್ ಪದದ ಕೆಳಗೆ ಜರ್ಮನ್ ಭಾಷೆಯ ‘ಬ್ರಿಲ್ಲೆ’ ಎಂಬ ಪದವಿತ್ತು. ಅರ್ಥ, ಕನ್ನಡಕ. ಯುರೋಪಿನಲ್ಲಿ ಮೊದಮೊದಲು ಬೆರಿಲ್ ಮತ್ತು ಸ್ಫಟಿಕವನ್ನು ಉಜ್ಜಿ ಮಸೂರ ಮಾಡುತ್ತಿದ್ದುದರಿಂದ ಕಲ್ಲಿನ ಹೆಸರೇ ಕನ್ನಡಕಕ್ಕೂ ಉಳಿದುಹೋಯಿತು. ಇದನ್ನು ಓದಿ ಹೇಳುತ್ತಿದ್ದವನು ಮೊಮ್ಮಗ. ನಿಘಂಟನ್ನು ಅವನು ಹಿಡಿದಿದ್ದದ್ದು ಮೂಗಿನಿಂದ ಒಂದು ಗೇಣು ದೂರದಲ್ಲಿ.

‘ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಇವತ್ತು ಯಾವ ತಿಥಿ, ಓದು.’

ಹುಡುಗ ಎದ್ದು ಕ್ಯಾಲೆಂಡರಿನ ಬಳಿಗೆ ನಡೆದ.

‘ಅಲ್ಲೇ ಕೂತು ಓದೋ.’

‘ಅಲ್ಲಿಂದ ಯಾರಿಗೆ ಕಾಣುತ್ತೆ, ತಾತ?’

ಅದೊಂದು ಮಾತು ಸಾಕಾಯಿತು. ಎತ್ತರದ ಹುಡುಗನೆಂದು ಅವನನ್ನು ಕೊನೆಯ ಬೆಂಚಿಗೆ ಕೂರಿಸಿದ್ದರು. ಕರಿಹಲಗೆ ಎಲ್ಲರಿಗೂ ಹಾಗೇ ಮಸುಕಾಗಿ ಕಾಣುತ್ತದೆ, ಉಳಿದವರು ಮೇಷ್ಟ್ರು ಹೇಳಿದ್ದನ್ನು ಕೇಳಿಯೇ ಬರೆದುಕೊಳ್ಳುತ್ತಾರೆ ಎಂದುಕೊಂಡಿದ್ದ. ಇತಿಹಾಸ, ಕನ್ನಡ ಅದರಲ್ಲೂ ನಡೆಯುತ್ತದೆ. ಬೀಜಗಣಿತ ನಡೆಯುವುದಿಲ್ಲ, ಎಕ್ಸ್ ಮೇಲಿನ ಪುಟ್ಟ ಎರಡು ಕಾಣದಿದ್ದರೆ ಇಡೀ ಲೆಕ್ಕವೇ ಬೇರೆ. ಮನೆಯವರೋ, ಪುಸ್ತಕಕ್ಕೆ ಮೂಗು ತಾಗಿಸಿ ಕೂರುವ ಹುಡುಗನಿಗೆ ಓದಿನಲ್ಲಿ ಬಹಳ ಶ್ರದ್ಧೆ ಎಂದು ತಿಳಿದಿದ್ದರು.

ಆ ಸೋಮವಾರ ತಂದೆ ರಜೆ ಹಾಕಿ ಮಗನನ್ನು ಮಿಂಟೋ ಕಣ್ಣಾಸ್ಪತ್ರೆಗೆ ಕರೆದೊಯ್ದರು. ಎರಡು ಕಣ್ಣಿಗೂ ಮೈನಸ್ ಐದು. ಲೆಕ್ಕ ಸುಲಭ: ಒಂದು ಮೀಟರನ್ನು ಐದರಿಂದ ಭಾಗಿಸಿದರೆ 20 ಸೆಂಟಿಮೀಟರ್. ಅದಕ್ಕಿಂತ ಆಚೆಯದೆಲ್ಲ ಅವನಿಗೆ ಮಸುಕು. ದೂರದಿಂದ ಬಂದ ಕಿರಣಗಳು ಅಕ್ಷಿಪಟವನ್ನು ಮುಟ್ಟುವ ಮೊದಲೇ ಒಂದುಗೂಡುತ್ತಿದ್ದವು. ನಿಮ್ನ ಮಸೂರ ಅವನ್ನು ಸ್ವಲ್ಪ ಹರಡಿ, ಕೂಡಬೇಕಾದಲ್ಲಿ ಕೂಡುವಂತೆ ಮಾಡುತ್ತದೆ. ‘ಐದು ಅಂತಾರೆ. ಇಷ್ಟು ವರ್ಷ ನಾನೇನು ನೋಡ್ತಿದ್ದೆ?’ ಎಂದು ತಂದೆ ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿದ್ದನ್ನು ಹುಡುಗ ಕೇಳಿಸಿಕೊಂಡ.

ಕನ್ನಡಕ ಹಾಕಿದ ದಿನ ಅವನು ದಾರಿಯುದ್ದಕ್ಕೂ ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಗೋಡೆಯ ಸಿನಿಮಾ ಪೋಸ್ಟರು ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾ ಬಂದ. ಮರಕ್ಕೆ ದೂರದಿಂದಲೂ ಬಿಡಿಬಿಡಿ ಎಲೆಗಳಿರುತ್ತವೆ ಎಂಬುದು ಅವನಿಗೆ ಹೊಸ ಸುದ್ದಿ. ವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಅರವತ್ತೆರಡು ಬಂತು. ಗಾಂಧಿ ಬಜಾರಿನ ಲೆಕ್ಕದಲ್ಲಿ ಅದೂ ಬ್ರಿಲಿಯಂಟ್ ಅಲ್ಲ. ತಾಯಿ ಮಾತ್ರ ಆ ಸಂಜೆ ಕೇಸರಿಬಾತು ಮಾಡಿದರು.

ಬೆರಿಲಿನಿಂದಲೇ ಹೆಸರು ಪಡೆದ ಬೆರಿಲಿಯಂ ಲೋಹದ 18 ಕನ್ನಡಿಗಳಿಗೆ ಚಿನ್ನದ ತೆಳುಲೇಪ ಕೊಟ್ಟು ಮಾಡಿದ ಜೇಮ್ಸ್ ವೆಬ್ ದೂರದರ್ಶಕ 2021ರ ಡಿಸೆಂಬರಿನಲ್ಲಿ ಆಕಾಶಕ್ಕೇರಿತು. ಮನುಷ್ಯ ಈವರೆಗೆ ಹಾಕಿಕೊಂಡ ಅತ್ಯಂತ ದೊಡ್ಡ ಬ್ರಿಲ್ಲೆ ಅದೇ ಇರಬೇಕು. ತಾತನಿಗೆ ಗೊತ್ತಾಗಿದ್ದರೆ ಮತ್ತೊಮ್ಮೆ ಕುರ್ಚಿಯಿಂದ ಎದ್ದು ಕೂಗುತ್ತಿದ್ದರು. 1993ರಲ್ಲಿ ಅವರು ಮಾಡಿದ್ದು ಇಷ್ಟೇ: ಕ್ರಿಸ್‌ಮಸ್ ರಜೆಯಲ್ಲಿ ಎಲ್ಲರನ್ನೂ ಬೇಲೂರಿಗೆ ಹೊರಡಿಸಿದರು. ಹಸಿರು ಹರಳು ಎಲ್ಲಾದರೂ ಕಂಡೀತೆಂದು ಹುಡುಗ ನೆಲ ನೋಡುತ್ತಾ ನಡೆದ. ಸಿಕ್ಕಿದ್ದೆಲ್ಲ ಬಳಪದ ಕಲ್ಲೇ. ಆಮೇಲೆ ತಾತ ಅವನ ಗದ್ದ ಹಿಡಿದು ಮೇಲಕ್ಕೆತ್ತಿದರು. ಸೂರಿನ ಕೆಳಗೆ ಅಷ್ಟೆತ್ತರದಲ್ಲಿ ದರ್ಪಣ ಸುಂದರಿ ಕನ್ನಡಿ ಹಿಡಿದು ನಿಂತಿದ್ದಳು. ಹುಡುಗ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡು, ಅವಳ ಕೈಬಳೆಗಳನ್ನು ಒಂದೊಂದಾಗಿ ಎಣಿಸತೊಡಗಿದ.